ಆಡಿಟರ್ ಆಫೀಸಿನ ಬ್ಯಾಕಪ್: ಎಲ್ಲಿಗೆ ಬಂತು ಕೆಲಸ

ದಾವಣಗೆರೆಯ ನಮ್ಮ ಆಡಿಟರ್ ಆಫೀಸಿನ ಎಲ್ಲ ಕಂಪ್ಯೂಟರ್‌ಗಳೂ ಈಗ ಒಂದೇ ಸರ್ವರ್‌ಗೆ ಬ್ಯಾಕಪ್ ಆಗುತ್ತಿವೆ. ಸರ್ವರ್ ಅಂದರೆ ಒಂದು ಹಳೇ ಡೆಸ್ಕ್‌ಟಾಪ್. ಅದರಲ್ಲಿ ಡೆಬಿಯನ್ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವ ಹಾಗೆ ಎರಡು ಡಿಸ್ಕ್, ಮತ್ತೆ ಯುಆರ್‌ಬ್ಯಾಕಪ್ ಅನ್ನೋ ಉಚಿತ ಸಾಫ್ಟ್‌ವೇರ್.

ಮೊದಲಿದ್ದ ಪದ್ಧತಿ ಬೇರೆ. ಸಂಜೆ ಹೊರಡುವಾಗ ಪ್ರತಿಯೊಬ್ಬರೂ ತಮ್ಮ ಫೋಲ್ಡರನ್ನು ನೆಟ್‌ವರ್ಕ್ ಶೇರ್‌ಗೆ (ಎಲ್ಲ ಪಿಸಿಗಳೂ ಬಳಸುವ ಫೋಲ್ಡರ್) ಕಾಪಿ ಮಾಡಬೇಕಿತ್ತು. ರಿಟರ್ನ್ ಸಲ್ಲಿಸುವ ಕೊನೇ ದಿನಗಳಲ್ಲಿ ಅದು ಯಾರಿಗೆ ನೆನಪಿರುತ್ತೆ? ಅದಕ್ಕಿಂತ ದೊಡ್ಡ ಭಯ ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ದು. ಒಂದು ಪಿಸಿ ಯಾವ ಶೇರ್‌ಗೆ ಬರೆಯಬಹುದೋ, ಆ ಪಿಸಿಗೆ ಹೊಕ್ಕ ರ‍್ಯಾನ್ಸಮ್‌ವೇರ್ ಕೂಡ ಅಲ್ಲಿಗೆ ಬರೆಯಬಹುದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಬಂದಾಗ ಒಂದೇ ನೆಟ್‌ವರ್ಕ್‌ನಲ್ಲಿ ಅದು ಯಂತ್ರದಿಂದ ಯಂತ್ರಕ್ಕೆ ಹೇಗೆ ಹರಡಿತು ಅಂತ ಎಲ್ಲರೂ ನೋಡಿದ್ದೇವೆ. ಹಾಗಾಗಿ ಈಗ ಸರ್ವರ್ರೇ ಹೋಗಿ ಫೈಲ್ ಎತ್ತಿಕೊಂಡು ಬರುತ್ತದೆ. ಬ್ಯಾಕಪ್ ಇರುವ ಜಾಗ ಯಾವ ಪಿಸಿಗೂ ಶೇರ್ ಆಗಿಲ್ಲ.

ಸಮಯ ಗೊತ್ತುಮಾಡುವುದೇ ಜಾಸ್ತಿ ತಲೆ ತಿಂದ ವಿಷಯ. ಎಲ್ಲ ಕಡೆ ರಾತ್ರಿ ಬ್ಯಾಕಪ್ ಇಡಿ ಅಂತಾರೆ. ನಮ್ಮಲ್ಲಿ ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚೇ ಆಫ್. ಕರೆಂಟೇ ಇಲ್ಲದ ಪಿಸಿಯನ್ನು ನೆಟ್‌ವರ್ಕ್‌ನಿಂದ ಎಬ್ಬಿಸೋಕೆ ಆಗಲ್ಲ. ಆ ರೂಢಿ ಒಳ್ಳೆಯದೇ, ಬಿಡಿಸುವುದು ನನಗೆ ಇಷ್ಟವಿರಲಿಲ್ಲ. ಅದಕ್ಕೆ ಮಧ್ಯಾಹ್ನ ಊಟದ ಹೊತ್ತನ್ನೇ ಆರಿಸಿಕೊಂಡೆ. ಆಗ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಮುಚ್ಚಿರುತ್ತದೆ, ಎಂಟ್ರಿ ನಡೆಯುತ್ತಿರುವಾಗಲೇ ಡೇಟಾ ಕಾಪಿ ಆಗುವ ತಾಪತ್ರಯವೂ ಇಲ್ಲ. ಯಾರಾದರೂ ಎಕ್ಸೆಲ್ ತೆರೆದಿಟ್ಟು ಹೋಗಿದ್ದರೂ ಪರವಾಗಿಲ್ಲ. ವಿಂಡೋಸ್‌ನ ಶ್ಯಾಡೋ ಕಾಪಿ ಸೌಲಭ್ಯದಿಂದ ಡಿಸ್ಕ್‌ನಲ್ಲಿ ಕೊನೇ ಸಲ ಸೇವ್ ಆದದ್ದು ಸಿಗುತ್ತದೆ.

ಒಂದು ಪಿಸಿ ಮಾತ್ರ ಊಟದ ಹೊತ್ತಲ್ಲಿ ಮುಗಿಯುತ್ತಲೇ ಇರಲಿಲ್ಲ. "ಸರ್, ನಾವು ಊಟ ಮಾಡಿ ಬಂದ್ರೂ ಇದಿನ್ನೂ ಓಡ್ತಾನೇ ಇದೆ" ಅಂದರು ಅಕೌಂಟ್ಸ್ ನೋಡಿಕೊಳ್ಳುವ ಮೇಡಂ. ನೋಡಿದರೆ ಅದರ ನೆಟ್‌ವರ್ಕ್ ವೇಗ ಗಿಗಾಬಿಟ್ (1000 ಎಂಬಿಪಿಎಸ್) ಬದಲು 100 ಎಂಬಿಪಿಎಸ್‌ಗೇ ನಿಂತಿತ್ತು. ಗೋಡೆ ಹತ್ತಿರದ ಕನೆಕ್ಟರ್ ಬಿಚ್ಚಿ ನೋಡಿದೆ, ಕಂದು ಬಣ್ಣದ ಜೋಡಿ ತಂತಿ ಕ್ರಿಂಪ್ (ತಂತಿ ಒತ್ತಿ ಹಿಡಿಯುವ ಭಾಗ) ಒಳಗೆ ಸರಿಯಾಗಿ ಕೂತೇ ಇರಲಿಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು. ಅದಕ್ಕೇ ಇಂಟರ್‌ನೆಟ್ ಓಡಾಡುತ್ತಿತ್ತು, ಯಾರಿಗೂ ಅನುಮಾನ ಬಂದಿರಲಿಲ್ಲ. ಹೊಸ ಕನೆಕ್ಟರ್ ಹಾಕಿದ ಮೇಲೆ ಸರಿಹೋಯಿತು. 40 ಜಿಬಿ ಹೋಗೋಕೆ 100ರಲ್ಲಿ ಸುಮಾರು ಒಂದು ಗಂಟೆ ಬೇಕು. ಗಿಗಾಬಿಟ್‌ನಲ್ಲಿ ಡಿಸ್ಕ್ ವೇಗವೂ ಜೊತೆಗೂಡಿದರೆ ಆರೇಳು ನಿಮಿಷ.

ಕನ್ನಡದಲ್ಲಿ ಫೈಲ್ ಹೆಸರಿಡುವವರು ಇದನ್ನು ಗಮನಿಸಬೇಕು. ವಿಂಡೋಸ್‌ನಲ್ಲಿ ಹೆಸರಿನ ಮಿತಿ 255 ಅಕ್ಷರಸಂಕೇತ. ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ಇಎಕ್ಸ್‌ಟಿ4 ಪದ್ಧತಿಯಲ್ಲಿ ಮಿತಿ 255 ಬೈಟ್. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 85 ಸಂಕೇತಕ್ಕೆ ಮುಗಿಯಿತು. 'ಕ್ಷ'ದಲ್ಲಿ ಮೂರು ಸಂಕೇತ (ಕ, ಹಲಂತ, ಷ), ಅದೊಂದಕ್ಕೇ 9 ಬೈಟ್ ಹೋಗುತ್ತೆ. ಪತ್ರದ ವಿಷಯವನ್ನೆಲ್ಲ ಹೆಸರಾಗಿ ಟೈಪ್ ಮಾಡಿದ ಫೈಲ್ ಸರ್ವರ್‌ನಲ್ಲಿ ಇದ್ದ ಹಾಗೇ ಕೂರುವುದಿಲ್ಲ. ಅಂಥ ಹೆಸರುಗಳನ್ನು ಹುಡುಕಿ ತೋರಿಸಲು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ.

ಬ್ಯಾಕಪ್ ಆಗದೇ ಹೋದ ಯಂತ್ರದ ಬಗ್ಗೆ ಮೇಲ್ ಬರುತ್ತದೆ. ಆದರೆ ಬರೀ 'ಸರಿಯಾಗಿದೆ' ಅನ್ನೋ ಹಸಿರು ಗುರುತನ್ನು ನಾನು ನಂಬಲ್ಲ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಕಂಪನಿಯ ಟ್ಯಾಲಿ ಡೇಟಾವನ್ನು ಸರ್ವರ್‌ನಿಂದ ಇನ್ನೊಂದು ಪಿಸಿಗೆ ಇಳಿಸಿ, ತೆರೆದು, ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ತಾಳೆ ನೋಡುತ್ತೇವೆ. ಆ ಕೆಲಸ ಮೇಡಂ ಅವರದ್ದೇ, ಅಂಕಿ ಸರಿಯಿದೆಯೋ ಇಲ್ಲವೋ ಅವರಿಗೆ ನೋಡುತ್ತಲೇ ಗೊತ್ತಾಗುತ್ತೆ. ಕಕ್ಷಿದಾರ ಕಂಪನಿಗಳಿಗೂ ಇದು ಹಗುರ ವಿಷಯವಲ್ಲ. ಲೆಕ್ಕಪುಸ್ತಕಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಕಂಪನಿಗಳು ಭಾರತದಲ್ಲಿರುವ ಸರ್ವರ್‌ನಲ್ಲಿ ದಿನಾ ಬ್ಯಾಕಪ್ ಇಡಬೇಕು ಅಂತ 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿ ಆಗಿದೆ.

ಇನ್ನು ಉಳಿದಿರುವುದು ಆಫೀಸಿನ ಹೊರಗಿನ ಪ್ರತಿ. ಬೆಂಕಿ ಬಿದ್ದರೆ, ಕಳ್ಳತನ ಆದರೆ ಪಿಸಿಯೂ ಇಲ್ಲ, ಸರ್ವರ್ರೂ ಇಲ್ಲ. ಎನ್‌ಕ್ರಿಪ್ಟ್ ಮಾಡಿದ ಎರಡು ಎಕ್ಸ್‌ಟರ್ನಲ್ ಡಿಸ್ಕ್ ತರಿಸಿದ್ದೇವೆ. ಒಂದು ಆಫೀಸಿನಲ್ಲಿ, ಇನ್ನೊಂದು ಆಡಿಟರ್ ಮನೆಯ ಬೀರುವಿನಲ್ಲಿ, ವಾರಕ್ಕೊಮ್ಮೆ ಅದಲುಬದಲು. ಪಾಸ್‌ವರ್ಡ್ ಕಾಗದದಲ್ಲಿ ಬರೆದು ಎಲ್ಲಿಡಬೇಕು ಅನ್ನೋದು ಇನ್ನೂ ತೀರ್ಮಾನ ಆಗಬೇಕು.