ಮೊದಲು ಈಜುಕೊಳ, ಆಮೇಲೆ ಊರು

ಫೆಬ್ರವರಿ 15, 2025, ಶನಿವಾರ
ಟ್ಯಾಂಪಾ, ಫ್ಲೋರಿಡಾ

ನ್ಯೂಜೆರ್ಸಿಯ ಚಳಿಗೆ ಬೇಸತ್ತು ಅಕ್ಕ-ಭಾವ ನಮ್ಮ ಮನೆಗೆ ಬಂದಿದ್ದಾರೆ. ಭಾವನಿಗೆ ರಿಟೈರ್ ಆಗಿದೆ, ಸೊಂಟನೋವೂ ಇದೆ. ಆದರೂ ಹಿಮ ಬಿದ್ದ ದಿನ ಸಲಿಕೆ ಹಿಡಿದು ತಾವೇ ಅಂಗಳದ ಹಿಮ ಎತ್ತಬೇಕು ಅನ್ನುವ ಹಟ ಬಿಟ್ಟಿಲ್ಲ. ಈ ಸಲ ಅಕ್ಕ ಖಡಾಖಂಡಿತವಾಗಿ ಹೇಳಿದ್ದಾಳೆ, "ಇನ್ನೊಂದು ಚಳಿಗಾಲ ನನ್ನ ಕೈಲಾಗಲ್ಲ." ಹಾಗಾಗಿ ಇವತ್ತು ಮೂವರೂ ದಿ ವಿಲೇಜಸ್ ನೋಡಲು ಹೋಗಿದ್ದೆವು. ನಾನು ಡ್ರೈವರು. ನಮ್ಮ ಯಜಮಾನರು "ಗಾಲ್ಫ್ ಟಿವಿಯಲ್ಲಿ ನೋಡಿದರೇ ನಿದ್ದೆ ಬರುತ್ತೆ" ಅಂತ ಮನೆಯಲ್ಲೇ ಉಳಿದರು.

ಹೆಸರು ಕೇಳಿ ಹಳ್ಳಿ ಅಂದುಕೊಳ್ಳಬೇಡಿ. 55 ದಾಟಿದವರಿಗಾಗಿ ಕಟ್ಟಿದ, ಪ್ರಪಂಚದಲ್ಲೇ ದೊಡ್ಡದು ಅನ್ನಿಸಿಕೊಳ್ಳುವ ನಿವೃತ್ತರ ಊರು ಅದು. ಟ್ಯಾಂಪಾದಿಂದ ಐ-75 ಹೆದ್ದಾರಿಯಲ್ಲಿ ಉತ್ತರಕ್ಕೆ ಹೋದರೆ ಒಂದೂಕಾಲು ಗಂಟೆ. ಹೆಚ್ಚಿನ ಭಾಗ ಇರುವುದು ಸಮ್ಟರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). 2010ರ ಜನಗಣತಿಯಲ್ಲಿ ಆ ಕೌಂಟಿಯ ಜನ ಸುಮಾರು 93 ಸಾವಿರ. 2020ಕ್ಕೆ ಸುಮಾರು 1 ಲಕ್ಷ 30 ಸಾವಿರ. ಆ ಹತ್ತು ವರ್ಷದಲ್ಲಿ ಅಮೆರಿಕದ ಯಾವ ಮೆಟ್ರೊ ಪ್ರದೇಶವೂ, ಅಂದರೆ ಸುತ್ತಮುತ್ತಲೂ ಸೇರಿದ ನಗರ ಪ್ರದೇಶವೂ, ಇಷ್ಟು ಜೋರಾಗಿ ಬೆಳೆಯಲಿಲ್ಲ. ಅದೂ ಮಕ್ಕಳು ಹುಟ್ಟಿ ಬೆಳೆದದ್ದಲ್ಲ. ಅಜ್ಜ ಅಜ್ಜಿಯರು ಬಂದು ಬಂದು ಬೆಳೆದದ್ದು!

ಶುರುವಾಗಿದ್ದು ಮಾತ್ರ ತೀರಾ ಸಾಧಾರಣವಾಗಿ. ಹ್ಯಾರಲ್ಡ್ ಶ್ವಾರ್ಟ್ಸ್ ಅನ್ನುವ ವ್ಯಾಪಾರಿ ಅಂಚೆಯಲ್ಲೇ ಫ್ಲೋರಿಡಾದ ಜಮೀನು ಮಾರುತ್ತಿದ್ದ. 1968ರಲ್ಲಿ ಕೇಂದ್ರ ಸರ್ಕಾರ ಅಂಥ ವ್ಯಾಪಾರಕ್ಕೆ ಕಾನೂನಿನ ಕಡಿವಾಣ ಹಾಕಿತು. ಉಳಿದ ಜಾಗದಲ್ಲಿ ಆರೆಂಜ್ ಬ್ಲಾಸಮ್ ಗಾರ್ಡನ್ಸ್ ಅನ್ನುವ, ಎತ್ತಿ ಸಾಗಿಸಬಹುದಾದ ಮೊಬೈಲ್ ಮನೆಗಳ ಬಡಾವಣೆ ಎದ್ದಿತು. ಎಂಬತ್ತರ ದಶಕದ ಶುರುವಿನ ತನಕ ನಾನೂರರಷ್ಟು ಮನೆ ಮಾರಾಟವಾಗಿದ್ದರೆ ಹೆಚ್ಚು. 1983ರಲ್ಲಿ ಮಗ ಗ್ಯಾರಿ ಮೋರ್ಸ್ ಬಂದು ಸೇರಿಕೊಂಡ. ಮನೆ ಮಾರುವುದಕ್ಕಿಂತ ದಿನ ಕಳೆಯುವ ದಾರಿ ಮಾರಬೇಕು ಅನ್ನುವುದು ಅವರಿಗೆ ಹೊಳೆದದ್ದು ಆಗಲೇ. ಗಾಲ್ಫ್, ಈಜುಕೊಳ, ಕ್ಲಬ್ಬು, ಸಂಜೆ ಹಾಡು ಕುಣಿತ. 1992ರಲ್ಲಿ ಇಡೀ ಊರಿಗೆ ದಿ ವಿಲೇಜಸ್ ಅಂತ ಹೆಸರಾಯಿತು. ಈಗಲೂ ಅದೇ ಕುಟುಂಬದ್ದೇ ಯಜಮಾನಿಕೆ. ಊರಿನ ದಿನಪತ್ರಿಕೆಯೂ ಅವರದ್ದೇ.

ನಾವು ನೋಡಲು ಹೋದದ್ದು ಹೊಸ ಭಾಗ. ಸ್ಟೇಟ್ ರೋಡ್ 44ರ ದಕ್ಷಿಣಕ್ಕೆ 2017ರಲ್ಲಿ ಫೆನಿ ಅನ್ನುವ ಬಡಾವಣೆ ಶುರುವಾಯಿತು. ಅಲ್ಲಿಂದ ಮುಂದಕ್ಕೆ ಅವರು ನಿಂತೇ ಇಲ್ಲ. ಡಿಲೂನಾ, ಮಾರ್ಷ್ ಬೆಂಡ್, ಲಿಂಡೆನ್, ಸೇಂಟ್ ಕ್ಯಾಥರಿನ್, ನ್ಯೂವೆಲ್... ಲೀಸ್‌ಬರ್ಗ್ ಕಡೆಗೂ ದಾಟಿ ಹೋಗಿದ್ದಾರೆ. ಟರ್ನ್‌ಪೈಕ್ ಹೆದ್ದಾರಿ ಅಡ್ಡ ಬಂದರೆ ಗಾಲ್ಫ್ ಕಾರ್ಟ್‌ಗಳಿಗೇ (ಗಾಲ್ಫ್ ಮೈದಾನದಲ್ಲಿ ಓಡಿಸುವ ಪುಟ್ಟ ಗಾಡಿ, ಇಲ್ಲಿ ಊರೊಳಗೂ ಅದರಲ್ಲೇ ಓಡಾಟ) ಅಂತ ಮೇಲ್ಸೇತುವೆ ಕಟ್ಟಿದ್ದಾರೆ. ಕಾರಿನಲ್ಲಿ ಕೂತು ಕೆಳಗಿಂದ ನೋಡಿದರೆ ಮೇಲೆ ಬಿಳಿಕೂದಲಿನ ದಂಪತಿ ಆರಾಮಾಗಿ ಕಾರ್ಟ್ ಓಡಿಸಿಕೊಂಡು ಹೋಗುತ್ತಿರುತ್ತಾರೆ. ಭಾವ ಅದನ್ನು ನೋಡಿಯೇ ಅರ್ಧ ಸೋತರು.

ಹತ್ತಿರದ ಕೋಲ್ಮನ್‌ನಲ್ಲಿ ಕೇಂದ್ರ ಸರ್ಕಾರದ ದೊಡ್ಡ ಜೈಲೂ ಇದೆ. "ಅಲ್ಲೂ ಗೇಟು, ಇಲ್ಲೂ ಗೇಟು. ಇಲ್ಲಿ ನಾವೇ ದುಡ್ಡು ಕೊಟ್ಟು ಒಳಗೆ ಹೋಗೋದು, ಅಷ್ಟೇ" ಅಂದಳು ಅಕ್ಕ. ನಿಜ ಹೇಳಬೇಕು ಅಂದರೆ ಇಲ್ಲಿನ ಗೇಟು ಸುಮ್ನೆ ಶೋಕಿಗೆ. ರಸ್ತೆಗಳು ಸಾರ್ವಜನಿಕ. ಗುಂಡಿ ಒತ್ತಿದರೆ ಯಾರಿಗೆ ಬೇಕಾದರೂ ಕಂಬ ಮೇಲೇಳುತ್ತೆ.

ಹೊಸ ಬಡಾವಣೆಯ ಅಂಚಿನಲ್ಲಿ ಕಾರು ನಿಲ್ಲಿಸಿದೆ. ಒಂದು ಪಕ್ಕ ಮನೆಗಳ ಸಾಲು, ಹುಲ್ಲಿನ ಹಾಸು, ಇನ್ನೂ ಊರುಗೋಲು ಕಟ್ಟಿಕೊಂಡ ಓಕ್ ಸಸಿಗಳು. ಇನ್ನೊಂದು ಪಕ್ಕ ಬರೀ ಮಣ್ಣು, ಹಳದಿ ಯಂತ್ರಗಳು, ಅಲ್ಲಲ್ಲಿ ಮಣ್ಣಿನಿಂದ ತಲೆ ಎತ್ತಿದ ನೀಲಿ ಪೈಪು. ಮೊನ್ನೆ ಮೊನ್ನೆ ತನಕ ದನ ಮೇಯುತ್ತಿದ್ದ ಹುಲ್ಲುಗಾವಲು. ತಲೆ ಮೇಲೆ ಕೆಂಪು ಬೊಟ್ಟಿನ ಸ್ಯಾಂಡ್‌ಹಿಲ್ ಕೊಕ್ಕರೆ ಜೋಡಿಯೊಂದು ಆ ಮಣ್ಣಿನಲ್ಲಿ ಹುಳ ಹೆಕ್ಕುತ್ತಿತ್ತು, ಯಂತ್ರದ ಸದ್ದಿಗೆ ಕ್ಯಾರೇ ಅನ್ನದೆ.

ನನ್ನ ಕಣ್ಣಿಗೆ ಬಿದ್ದದ್ದು ಕೆಲಸದ ಕ್ರಮ. ಮೊದಲು ಕೆರೆ ತೋಡುತ್ತಾರೆ. ತೋಡಿದ ಮಣ್ಣು ತಗ್ಗು ತುಂಬಿಸಲು. ಮಳೆನೀರು ಕೆರೆಗೆ. ಗಾಲ್ಫ್ ಮೈದಾನದ ಅಂದಕ್ಕೂ ಅದೇ ಕೆರೆ. ಆಮೇಲೆ ರಸ್ತೆ, ಕಾರ್ಟ್ ದಾರಿ, ರಸ್ತೆಯ ಅಡಿಯಲ್ಲಿ ಕಾರ್ಟ್‌ಗೆ ಸುರಂಗ. ಆಮೇಲೆ ಈಜುಕೊಳ, ಅದರ ಪಕ್ಕ ಟಪಾಲು ಪೆಟ್ಟಿಗೆಗಳ ಚಾವಡಿ. ಮನೆಗೆ ಅಂಚೆ ಬರಲ್ಲ ಇಲ್ಲಿ, ಎಲ್ಲರೂ ಆ ಚಾವಡಿಗೇ ಹೋಗಿ ಪೆಟ್ಟಿಗೆಯ ಬೀಗ ತೆಗೆಯಬೇಕು. ಅಕ್ಕಪಕ್ಕದವರ ಪರಿಚಯ ಆಗುವುದೇ ಅಲ್ಲಂತೆ. ಇದೆಲ್ಲ ಆಗುತ್ತಿರುವಾಗಲೇ ಮನೆಗಳು. ನಾವು ನೋಡಿದ ಒಂದು ಕೊಳದ ನೀರು ನೀಲಿಯಾಗಿ ತುಳುಕುತ್ತಿತ್ತು, ಆರಾಮ ಕುರ್ಚಿ ಸಾಲಾಗಿ ಇಟ್ಟಿದ್ದರು. ಈಜುವವರು ಮಾತ್ರ ಇನ್ನೂ ಬಂದಿರಲಿಲ್ಲ.

ಅಕ್ಕ ಸುಮಾರು ಹೊತ್ತು ಅದನ್ನೇ ನೋಡುತ್ತಾ ನಿಂತಳು. ಬೆಂಗಳೂರಿನ ಅಂಚಿನಲ್ಲಿ ಅವಳದ್ದೊಂದು ಮೂವತ್ತು-ನಲವತ್ತು ಸೈಟಿದೆ. ಸೈಟಿನ ಕಲ್ಲು ನೆಟ್ಟು ಹೋದವರು ಮತ್ತೆ ಆ ಕಡೆ ತಲೆ ಹಾಕಿಲ್ಲ. ಮನೆ ಕಟ್ಟಿದವರು ಟ್ಯಾಂಕರ್ ನೀರಲ್ಲಿದ್ದಾರೆ, ಪಾರ್ಕ್ ಅಂತ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಯಾರದ್ದೋ ಹಸು ಕಟ್ಟಿರುತ್ತೆ. "ನಮ್ಮಲ್ಲಿ ಜನ ಮೊದಲು, ಊರು ಆಮೇಲೆ. ಇವರದು ಉಲ್ಟಾ ನೋಡು" ಅಂದಳು. "ಅದಕ್ಕೇ ನಾನು ಹೇಳಿದ್ದು" ಅಂತ ಭಾವ ಎದೆಯುಬ್ಬಿಸಿದರು, ತಾವೇ ಕಟ್ಟಿಸಿದವರ ಹಾಗೆ.

ಊರು ಮೊದಲು ಬಂದರೆ ಸಾಲವೂ ಮೊದಲೇ ಬರುತ್ತೆ. ಮಾದರಿ ಮನೆ ತೋರಿಸಿದಾಕೆ ಬೆಲೆ ಹೇಳಿ, ಸ್ವಲ್ಪ ದನಿ ತಗ್ಗಿಸಿ "ಪ್ಲಸ್ ಬಾಂಡ್" ಅಂದಳು. ಭಾವ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗಿದ್ದರು. ನಾನೂ ಅಕ್ಕನೂ ಬಿಡಲಿಲ್ಲ.

ವಿಷಯ ಇಷ್ಟು. ಫ್ಲೋರಿಡಾದಲ್ಲಿ 1980ರ ಒಂದು ಕಾನೂನಿದೆ. ಅದರ ಪ್ರಕಾರ ಕಮ್ಯುನಿಟಿ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್ ಅಂತ ಒಂದು ಪುಟ್ಟ ಸರ್ಕಾರವನ್ನೇ ಮಾಡಿಕೊಳ್ಳಬಹುದು. ಅದು ಬಾಂಡ್ ಮಾರಿ ಸಾಲ ಎತ್ತುತ್ತೆ. ಆ ದುಡ್ಡಲ್ಲಿ ರಸ್ತೆ, ಚರಂಡಿ, ಪೈಪು ಎಲ್ಲ ಆಗುತ್ತೆ. ಆಮೇಲೆ ಆ ಸಾಲವನ್ನು ಅಲ್ಲಿನ ಒಂದೊಂದು ಮನೆಗೂ ಹಂಚುತ್ತಾರೆ. ಹೊಸ ಮನೆ ಮೇಲೆ ಹತ್ತಾರು ಸಾವಿರ ಡಾಲರ್ ಬೀಳುತ್ತೆ. ಒಟ್ಟಿಗೆ ಕಟ್ಟಬಹುದು, ಇಲ್ಲವಾದರೆ ಬಡ್ಡಿ ಸಮೇತ ಮೂವತ್ತು ವರ್ಷದ ತನಕ ಪ್ರತಿವರ್ಷ ಆಸ್ತಿ ತೆರಿಗೆಯ ಬಿಲ್ಲಿನಲ್ಲೇ ಸೇರಿ ಬರುತ್ತೆ. ಎಪ್ಪತ್ತರ ಹತ್ತಿರ ಇರುವವರಿಗೆ ಮೂವತ್ತು ವರ್ಷದ ಸಾಲ! ಇದರ ಮೇಲೆ ಕೊಳ, ಕ್ಲಬ್ಬು, ಗಾಲ್ಫಿಗೆ ತಿಂಗಳಿಗೆ ಇನ್ನೂರು ಡಾಲರ್ ಆಸುಪಾಸು. ಸಣ್ಣ ಗಾಲ್ಫ್ ಮೈದಾನಗಳಲ್ಲಿ ಆಟ ಪುಕ್ಕಟೆ, ಆದರೆ ಕಾರ್ಟ್ ಇಳಿಸಲು ಬೇರೆ ಶುಲ್ಕ.

ಇನ್ನೊಂದು ಮಜಾ ಇದೆ. ಆ ಪುಟ್ಟ ಸರ್ಕಾರದ ಮೊದಲ ಚುನಾವಣೆಯಲ್ಲಿ ವೋಟು ಎಕರೆ ಲೆಕ್ಕದಲ್ಲಿ. ಜಮೀನು ಯಾರದ್ದೋ ಮಂಡಳಿಯೂ ಅವರದ್ದೇ. ಆರು ವರ್ಷ ಕಳೆದು, ಕನಿಷ್ಠ 250 ಮತದಾರರು ಆದ ಮೇಲೆ ವಾಸವಾಗಿರುವವರ ಕೈಗೆ ಹಂತ ಹಂತವಾಗಿ ಸ್ಥಾನ ಬರುತ್ತಾ ಹೋಗುತ್ತೆ. ಅಷ್ಟರಲ್ಲಿ ಮಾಡಬೇಕಾದ ಸಾಲವೆಲ್ಲ ಮಾಡಿ ಆಗಿರುತ್ತೆ. ಕಾನೂನುಬದ್ಧವೇ, ಮುಚ್ಚುಮರೆಯೂ ಇಲ್ಲ. ಆದರೆ ಮನೆ ನೋಡಲು ಬಂದವರು ಗ್ರಾನೈಟ್ ಮುಟ್ಟಿ ನೋಡುತ್ತಾರೆ, ಇದನ್ನು ಓದುವವರು ಕಡಿಮೆ.

ಅಕ್ಕ ಗ್ರಾನೈಟನ್ನೂ ಮುಟ್ಟಲಿಲ್ಲ. ಸೀದಾ ಒಲೆಯ ಹತ್ತಿರ ಹೋಗಿ, ಮೇಲಿದ್ದ ಮೈಕ್ರೋವೇವ್‌ನ ಫ್ಯಾನ್ ಹಾಕಿ, ಅದರ ನೆತ್ತಿಗೆ ಅಂಗೈ ಹಿಡಿದಳು. ಗಾಳಿ ಅಂಗೈಗೇ ಹೊಡೆಯಿತು. ಅಂದರೆ ಹೊಗೆ ಹೊರಗೆ ಹೋಗಲ್ಲ, ಒಂದು ಜಾಲರಿ ಹಾಯ್ದು ಮತ್ತೆ ಅಡುಗೆಮನೆಗೇ ಬರುತ್ತೆ. "ಒಗ್ಗರಣೆ ಹಾಕಿದರೆ ಮಲಗೋ ಕೋಣೆ ತನಕ ಮೆಣಸಿನಕಾಯಿ ಘಾಟು" ಅಂದಳು. ತೋರಿಸುತ್ತಿದ್ದಾಕೆಗೆ ಅರ್ಥವಾಗಲಿಲ್ಲ, ಈ ಊರಿನಲ್ಲಿ ಊಟಕ್ಕೆ ಹೊರಗೆ ಹೋಗುವವರೇ ಜಾಸ್ತಿ ಅಂತ ನಕ್ಕಳು.

ಆಮೇಲೆ ತುಳಸಿ. ಮುಂದಿನ ಅಂಗಳದಲ್ಲಿ ಸಣ್ಣದೊಂದು ಕಟ್ಟೆ ಇಡಬಹುದಾ ಅಂತ ಕೇಳಿದಳು. ಇಲ್ಲಿ ಮನೆಪತ್ರದ ಜೊತೆಗೇ ಕಟ್ಟುಪಾಡುಗಳು ಬರುತ್ತವೆ, ಬಡಾವಣೆಗೊಂದು ಥರ. ಎಷ್ಟೋ ಕಡೆ ಹುಲ್ಲಿನ ಮೇಲೆ ಗೊಂಬೆ, ಶಿಲುಬೆ, ಅಲಂಕಾರ ಏನೂ ಇಡುವಂತಿಲ್ಲ. ಪುಟ್ಟ ಬಿಳಿ ಶಿಲುಬೆ ಇಟ್ಟವರ ಮೇಲೆ ದೂರು ಹೋಗಿ ದೊಡ್ಡ ರಗಳೆಯೇ ಆಗಿತ್ತು. ಯಾರಾದರೂ ದೂರು ಕೊಟ್ಟರೆ ಮಾತ್ರ ಕ್ರಮ. ನಮ್ಮ ತುಳಸಿಕಟ್ಟೆ ಅಲಂಕಾರವೋ ಗಿಡವೋ ಅಂತ ಅಲ್ಲಿ ಯಾರು ತೀರ್ಮಾನ ಮಾಡಬೇಕು? ಹಿಂದಿನ ಜಾಲರಿ ವರಾಂಡದಲ್ಲಿ, ಅದನ್ನು ಇವರು ಲನಾಯ್ ಅನ್ನುತ್ತಾರೆ, ಕುಂಡದಲ್ಲಿ ಇಟ್ಟುಕೊಳ್ಳಬಹುದು ಅಂದಳು ಮನೆ ತೋರಿಸುತ್ತಿದ್ದಾಕೆ. ಅಕ್ಕ ಅದಕ್ಕೆ ಒಪ್ಪಿದಳು. ಚಳಿಗಾಲದಲ್ಲಿ ಒಂದೊಂದು ರಾತ್ರಿ ಇಲ್ಲಿ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು, ವರಾಂಡವೇ ವಾಸಿ.

ಮಧ್ಯಾಹ್ನ ಹಳೆಯ ಭಾಗಕ್ಕೆ ಹೋದೆವು, ಸ್ಪ್ಯಾನಿಷ್ ಸ್ಪ್ರಿಂಗ್ಸ್ ಚೌಕಕ್ಕೆ. ಇದು ತೊಂಬತ್ತರ ದಶಕದ್ದು. ಆಮೇಲೆ ಲೇಕ್ ಸಮ್ಟರ್ ಲ್ಯಾಂಡಿಂಗ್, ಆಮೇಲೆ ಬ್ರೌನ್‌ವುಡ್, ಈಗ ದಕ್ಷಿಣದಲ್ಲಿ ಈಸ್ಟ್‌ಪೋರ್ಟ್. ಪ್ರತಿ ಸಲ ಚೌಕ ದಕ್ಷಿಣಕ್ಕೆ ಜರುಗಿದೆ. ಕಟ್ಟಡಗಳ ಮೇಲೆ ಎರಡು ಶತಮಾನದ ಹಿಂದಿನ ಇಸವಿಗಳನ್ನು ಕೆತ್ತಿದ್ದಾರೆ, ಹಳೆಯ ಕಥೆಗಳ ಫಲಕ ಹಾಕಿದ್ದಾರೆ. ಎಲ್ಲ ಕಟ್ಟುಕಥೆ. ಚೌಕದಲ್ಲಿ ಶ್ವಾರ್ಟ್ಸ್‌ನ ಪ್ರತಿಮೆ ಮಾತ್ರ ಅಸಲಿ ಮನುಷ್ಯನದ್ದು. ಭಾವನಿಗೆ ಫಲಕಗಳು ಬಹಳ ಹಿಡಿಸಿದವು. ಸುಳ್ಳು ಅಂತ ಗೊತ್ತಿದ್ದೂ ಎಲ್ಲವನ್ನೂ ಓದಿದರು.

ಅಲ್ಲಿ ಬೆಂಚಿನಲ್ಲಿ ಮಿಶಿಗನ್‌ನಿಂದ ಬಂದು ನೆಲೆಸಿದ ಒಬ್ಬರು ಮಾತಿಗೆ ಸಿಕ್ಕರು. ಹಳಬರು. ಹೊಸ ಬಡಾವಣೆ ಅಂದರೆ ಸಾಕು, ಅವರಿಗೆ 2019 ನೆನಪಾಗುತ್ತೆ. ಆ ವರ್ಷ ಸಮ್ಟರ್ ಕೌಂಟಿ ಆಸ್ತಿ ತೆರಿಗೆಯ ದರವನ್ನು ಒಂದೇ ಏಟಿಗೆ 25 ಶೇಕಡಾ ಏರಿಸಿತ್ತು. ದಕ್ಷಿಣದ ಹೊಸ ರಸ್ತೆಗಳಿಗೆ ನಾವ್ಯಾಕೆ ಕೊಡಬೇಕು ಅಂತ ಹಳೆಯ ಭಾಗದವರು ಎದ್ದು ನಿಂತರು. 2020ರ ಚುನಾವಣೆಯಲ್ಲಿ ಕೌಂಟಿ ಮಂಡಳಿಯ ಮೂವರು ಮನೆಗೆ ಹೋದರು. "ಗಾಲ್ಫ್ ಬಿಟ್ಟು ಮೀಟಿಂಗಿಗೆ ಹೋಗಿದ್ದೆವು, ಅಷ್ಟು ಸಿಟ್ಟು ಬಂದಿತ್ತು" ಅಂದರು ಆ ಮಹಾನುಭಾವರು. ಹಳೆಯ ಭಾಗದಲ್ಲಿ ಬಾಂಡ್ ತೀರಿಸಿದ ಮನೆಗಳು ಸಿಗುತ್ತವೆ, ಓಕ್ ಮರಗಳು ನೆರಳು ಕೊಡುವಷ್ಟು ಬೆಳೆದಿವೆ ಅಂತಲೂ ಹೇಳಿದರು. ಛಾವಣಿ ಹಳೆಯದಾಗಿದ್ದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುತ್ತಾರೆ ಅನ್ನುವುದನ್ನು ನಾವು ಕೇಳಿದ ಮೇಲೆ ಹೇಳಿದರು. ಕೆಳಗೆ ಸುಣ್ಣಕಲ್ಲಿನ ನೆಲ, ಅಲ್ಲೊಂದು ಇಲ್ಲೊಂದು ಕಡೆ ಭೂಮಿ ಕುಸಿದು ಗುಂಡಿ ಬೀಳುವುದೂ ಉಂಟು.

ಇಷ್ಟು ದೊಡ್ಡ ಊರಿನ ಕೆಲಸ ಮಾಡುವವರು ಎಲ್ಲಿರುತ್ತಾರೆ ಅನ್ನುವುದು ನನ್ನ ತಲೆಯಲ್ಲಿತ್ತು. ನರ್ಸು, ಮೇಷ್ಟರು, ಹೋಟೆಲಿನವರು. ಅವರಿಗೂ ಅಂತ ಮಿಡಲ್ಟನ್ ಅನ್ನುವ ಹೊಸ ಭಾಗ ಮಾಡಿದ್ದಾರೆ, ಶಾಲೆಯ ಸಮೇತ. ಅಲ್ಲಿ ಮಕ್ಕಳೂ ಇರಬಹುದು. ಮುದುಕರಿಗಾಗಿ ಕಟ್ಟಿದ ಊರಿಗೆ ಕೊನೆಗೂ ಚಿಕ್ಕವರು ಬೇಕೇ ಆದರು, ಅಲ್ವಾ?

ಸಂಜೆ ಐದಕ್ಕೆ ಚೌಕದಲ್ಲಿ ಬ್ಯಾಂಡ್ ಶುರು. ದಿನಾ ಇರುತ್ತೆ, ಟಿಕೆಟ್ಟಿಲ್ಲ. ಭಾವ ಎದ್ದು ಎರಡು ಹೆಜ್ಜೆ ಹಾಕಿಯೇಬಿಟ್ಟರು. ಸೊಂಟನೋವು ಎಲ್ಲಿ ಹೋಯಿತೋ!

ವಾಪಸ್ ಬರುತ್ತಾ ಕಾರಿನಲ್ಲಿ ನಿಜವಾದ ಜಗಳ ಬಂತು. ಊರಿನ ನಿಯಮ ಹೀಗೆ: 19 ವರ್ಷದೊಳಗಿನವರು ವರ್ಷಕ್ಕೆ 30 ದಿನ ಮಾತ್ರ ಬಂದಿರಬಹುದು. ಅಕ್ಕನ ಮೊಮ್ಮಕ್ಕಳಿಗೆ ಬೇಸಿಗೆ ರಜೆ ಎರಡು ತಿಂಗಳ ಮೇಲೆ. ಮಗಳು ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು.

"ಮೂವತ್ತು ದಿನ ಆದ ಮೇಲೆ ಮಕ್ಕಳನ್ನ ಎಲ್ಲಿಡ್ಲಿ ನಾನು?"

"ಮೂವತ್ತು ದಿನ ಕಮ್ಮಿ ಏನಲ್ಲ ಕಣೇ."

"ರೀ, ನಿಮಗೆ ಕಮ್ಮಿ ಅಲ್ಲ. ಅವರಿಗೆ ಸ್ನಾನ ಮಾಡಿಸೋಳು ನಾನು. ನಾನೇ ಹೇಳ್ತಿದೀನಿ, ಕಮ್ಮಿ."

ಟವಾರೆಸ್‌ನಲ್ಲಿ ಭಾರತೀಯರಿಗೇ ಅಂತ ಶಾಂತಿನಿಕೇತನ ಅನ್ನುವ ನಿವೃತ್ತರ ಬಡಾವಣೆ ಇದೆ, ಇಲ್ಲಿಂದ ದೂರವೇನಲ್ಲ, ಅದನ್ನೂ ಒಮ್ಮೆ ನೋಡಿ ಅಂದೆ. ಸಸ್ಯಾಹಾರಿ ಊಟ, ಪೂಜೆ, ಭಜನೆ ಎಲ್ಲ ಇದೆ. "ಅಲ್ಲಿ ಸಾರು ಸಿಗುತ್ತೆ, ಗಾಲ್ಫ್ ಸಿಗಲ್ಲ" ಅಂದರು ಭಾವ. "ನೀವು ಯಾವತ್ತು ಗಾಲ್ಫ್ ಆಡಿದೀರಿ?" ಅಂದಳು ಅಕ್ಕ. ಅಲ್ಲಿಂದ ವೆಸ್ಲಿ ಚಾಪೆಲ್ ಬರುವ ತನಕ ಕಾರಿನಲ್ಲಿ ಮಾತಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಒಂದು ರಾಜಿ ಆಗಿದೆ. ಈಗಲೇ ಏನೂ ತಗೊಳ್ಳುವುದಿಲ್ಲ. ಒಂದು ತಿಂಗಳು ಬಾಡಿಗೆ ಹಿಡಿದು ಇದ್ದು ನೋಡುವುದು. ಭಾವನಿಗೆ ಬರುವ ಫೆಬ್ರವರಿಯೇ ಬೇಕು. ನಾನು ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಫ್ಲೋರಿಡಾ ಯಾರಿಗೆ ಚೆನ್ನಾಗಿ ಕಾಣಲ್ಲ? ಜುಲೈನಲ್ಲಿ ಬನ್ನಿ, ಬಾಡಿಗೆಯೂ ಕಮ್ಮಿ, ದಿನಾ ಮಧ್ಯಾಹ್ನ ಸಿಡಿಲು ಮಳೆ, ನೆರಳಿಲ್ಲದ ಹೊಸ ಬೀದಿಯಲ್ಲಿ ಟಪಾಲು ಚಾವಡಿಗೆ ನಡೆದು ಹೋಗಿ ಬನ್ನಿ ಅಂದಿದ್ದೇನೆ. ಮೊಮ್ಮಕ್ಕಳ ಮೂವತ್ತು ದಿನವೂ ಅದರಲ್ಲೇ ಆಗುತ್ತೆ. ಅಕ್ಕ ಆಗಲೇ ಮಗಳಿಗೆ ಮೆಸೇಜ್ ಹಾಕಿದ್ದಾಳೆ. ಭಾವ ಇನ್ನೂ ಫೋನಿನಲ್ಲಿ ಗಾಲ್ಫ್ ಕಾರ್ಟ್ ರೇಟು ನೋಡುತ್ತಿದ್ದಾರೆ.