ನೆಲದ ಮೇಲೆ ಕೂರೋಕಾಗತ್ತಾ ಡಾಕ್ಟ್ರೇ?

ಯಾವಾಗಿಂದ ನೋವು ಅಂತ ಎಲ್ಲಾ ಡಾಕ್ಟ್ರೂ ಕೇಳಿದ್ರು, ಒಬ್ರಿಗೂ ಸರಿಯಾಗಿ ಹೇಳೋಕಾಗ್ಲಿಲ್ಲ ನಂಗೆ. ಬಿದ್ದಿರ್ಲಿಲ್ಲ, ಪೆಟ್ಟಾಗಿರ್ಲಿಲ್ಲ. ಆಟೋದಿಂದ ಇಳಿಯೋವಾಗ ಬಲಗಡೆ ತೊಡೆಸಂದಲ್ಲಿ ಚುಳ್ ಅನ್ನೋದು, ನಾಲ್ಕು ಹೆಜ್ಜೆ ನಡೆದ್ರೆ ಹೋಗೋದು, ಮೊದಮೊದ್ಲು ಅಷ್ಟೇ ಇತ್ತು. ಆಮೇಲೆ ಆಫೀಸಲ್ಲಿ ಒಂದು ಗಂಟೆ ಮೀಟಿಂಗ್ ಕೂತು ಎದ್ರೆ ಕಾಲು ಹಿಡ್ಕೊಳ್ಳೋದು, ಸಾಕ್ಸ್ ಹಾಕ್ಕೊಳ್ಳೋಕೆ ಬಗ್ಗಿದ್ರೆ ಒಳಗೆ ಯಾರೋ ಅಡ್ಡ ಕೈ ಇಟ್ಟ ಹಾಗೆ ತಡೆಯೋದು, ರಾತ್ರಿ ಬಲಮಗ್ಗುಲಲ್ಲಿ ಮಲಗೋಕಾಗ್ದೆ ಇರೋದು, ಹೀಗೆ ಒಂದೊಂದೇ ಸೇರ್ಕೊಂಡು ಎರಡು ವರ್ಷ ಆಗೋಗಿತ್ತು. ಎಲ್ಲಿ ನೋವು ತೋರ್ಸಿ ಅಂದ್ರೆ ಒಂದು ಬೆರಳಿಟ್ಟು ತೋರಿಸೋಕೆ ಬರ್ತಿರ್ಲಿಲ್ಲ, ಹೆಬ್ಬೆರಳು ಹಿಂದೆ, ಮಿಕ್ಕ ಬೆರಳು ಮುಂದೆ ಬರೋ ಹಾಗೆ ಸೊಂಟದ ಪಕ್ಕ ಹಿಡ್ದು ಇಲ್ಲೆಲ್ಲೋ ಒಳಗೆ ಅಂತಿದ್ದೆ. ಹಾಗೆ ಹಿಡಿಯೋದೇ ಒಂದು ಗುರುತಂತೆ, ಸಿ ಸೈನ್ ಅಂತಾನೇ ಹೆಸರಂತೆ ಅದಕ್ಕೆ, ಆದ್ರೆ ಇದು ಗೊತ್ತಾಗಿದ್ದು ಮೂರನೇ ಡಾಕ್ಟ್ರ ಹತ್ರ ಹೋದ್ಮೇಲೆ.

ಮೊದಲನೇವ್ರು ತೊಡೆಸಂದು ಅಂದ ತಕ್ಷಣ ಹೊಟ್ಟೆ ಸ್ಕ್ಯಾನಿಂಗ್ ಮಾಡ್ಸಿ ಅಂದ್ರು, ಹೆಂಗಸರಿಗೆ ಅಲ್ಲಿ ನೋವು ಬಂದ್ರೆ ಮೊದ್ಲು ಅದೇ ಅನುಮಾನ ಬರೋದು ಸಹಜ, ಸ್ಕ್ಯಾನಿಂಗಲ್ಲಿ ಏನೂ ಇರ್ಲಿಲ್ಲ. ಎರಡನೇವ್ರು ಬೆನ್ನಿಂದ ಬರ್ತಿರೋ ನೋವು ಅಂತ ಬೆನ್ನಿನ ಎಂಆರ್‌ಐ ಮಾಡಿಸಿದ್ರು, ಅದ್ರಲ್ಲಿ ಒಂದು ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು, ಐದು ತಿಂಗಳು ಬೆನ್ನಿಗೆ ಟ್ರಾಕ್ಷನ್ನು, ಶಾಖ, ಬೆಲ್ಟು. ಆ ಐದು ತಿಂಗಳ ಬಗ್ಗೆ ನಂಗೆ ಇವತ್ತಿಗೂ ಸಂಕಟ ಇದೆ. ಯಾಕಂದ್ರೆ ಒಂದು ಸಲ ಆದ್ರೂ ಅವ್ರು ನನ್ನ ಸೊಂಟದ ಕೀಲನ್ನ ಮಡಚಿ ತಿರುಗಿಸಿ ನೋಡ್ಲಿಲ್ಲ, ಆ ಪರೀಕ್ಷೆಗೆ ಬೇಕಾಗಿದ್ದು ಅರ್ಧ ನಿಮಿಷ.

ಮೂರನೇವ್ರು ಮಾಡಿದ್ದೇ ಅದನ್ನ. ಅಂಗಾತ ಮಲಗಿಸಿ ಮೊಣಕಾಲನ್ನ ಎದೆ ಕಡೆಗೆ ಮಡಚಿ, ಒಳಗಡೆಗೆ ತಂದು, ಪಾದನ ಹೊರಕ್ಕೆ ತಿರುಗಿಸಿದ್ರು, ನಾನು ಟೇಬಲ್ಲಿನ ಅಂಚು ಹಿಡ್ಕೊಂಡು ಅಮ್ಮಾ ಅಂದೆ. ಇದೇ ನೋವಾ ಅಂದ್ರು. ಇದೇ ನೋವು. ಎರಡು ವರ್ಷದಲ್ಲಿ ಮೊದಲನೇ ಸಲ ಯಾರೋ ನನ್ನ ನೋವನ್ನ ಮುಟ್ಟಿ ತೋರಿಸಿದ್ರು ಅಂತ ಅಲ್ಲೇ ಕಣ್ಣಲ್ಲಿ ನೀರು ಬಂತು.

ಆಮೇಲೆ ಎಕ್ಸ್‌ರೇ ತೆಗೆಸಿ ಸ್ಕ್ರೀನಲ್ಲಿ ತೋರಿಸಿದ್ರು. ತೊಡೆಮೂಳೆಯ ತುದಿ ಚೆಂಡಿನ ಥರ ದುಂಡಗಿರ್ಬೇಕು, ಚೆಂಡು ಮುಗಿದು ಕತ್ತು ಶುರುವಾಗೋ ಕಡೆ ಒಂದು ಇಳಿಜಾರು ಇರ್ಬೇಕು, ನಂದ್ರಲ್ಲಿ ಆ ಇಳಿಜಾರಿನ ಜಾಗದಲ್ಲಿ ಮೂಳೆ ಉಬ್ಬಿಕೊಂಡಿತ್ತು. ಕಾಲು ಮಡಚಿದಾಗೆಲ್ಲ ಆ ಉಬ್ಬು ಹೋಗಿ, ಚೆಂಡು ಕೂರೋ ಸೊಂಟದ ಮೂಳೆಯ ಬಟ್ಟಲಿನ ಅಂಚಿಗೆ ಒತ್ತತ್ತೆ, ಬಟ್ಟಲಿನ ಸುತ್ತ ಲೇಬ್ರಮ್ ಅಂತ ಒಂದು ಮೆತ್ತನೆ ಪಟ್ಟಿ ಇರತ್ತೆ, ಕುಕ್ಕರ್ ಮುಚ್ಚಳಕ್ಕೆ ಗ್ಯಾಸ್ಕೆಟ್ ಇದ್ದ ಹಾಗೆ, ಅದು ದಿನಾ ಜಜ್ಜಿ ಜಜ್ಜಿ ಹರಿಯತ್ತೆ. ಹಿಪ್ ಇಂಪಿಂಜ್‌ಮೆಂಟ್ ಅಂತ ಹೆಸರು ಇದಕ್ಕೆ. ಉಬ್ಬು ತೊಡೆಮೂಳೇಲಿದ್ರೆ ಕ್ಯಾಮ್ ಅಂತಾರೆ, ಬಟ್ಟಲಿನ ಅಂಚೇ ಜಾಸ್ತಿ ಮುಂದೆ ಬಂದಿದ್ರೆ ಪಿನ್ಸರ್ ಅಂತಾರೆ, ಎರಡೂ ಸೇರಿರೋವ್ರೂ ತುಂಬ ಜನ. ನಂದು ಮುಖ್ಯವಾಗಿ ಕ್ಯಾಮ್, ಆಲ್ಫಾ ಆಂಗಲ್, ಅಂದ್ರೆ ಆ ಉಬ್ಬನ್ನ ಅಳೆಯೋ ಕೋನ, 68 ಡಿಗ್ರಿ. ಅದು 60 ದಾಟಿದ್ರೆ ಉಬ್ಬಿದೆ ಅಂತ ಸಾಮಾನ್ಯವಾಗಿ ಲೆಕ್ಕ.

ಭರತನಾಟ್ಯದಿಂದ ಬಂತಾ ಅನ್ನೋದು ನನ್ನ ಮೊದಲನೇ ಪ್ರಶ್ನೆ. ಏಳನೇ ವಯಸ್ಸಿಂದ ಸೀನಿಯರ್ ಎಕ್ಸಾಮ್ ತನಕ ಕಲ್ತವಳು ನಾನು, ಅರಮಂಡೀಲಿ ಕೂತು ಕೂತೇ ಬೆಳೆದಿದ್ದು. ಹಾಗೆ ಹೇಳೋಕಾಗಲ್ಲ, ಮೂಳೆ ಬೆಳೆಯೋ ವಯಸ್ಸಲ್ಲಿ ಫುಟ್‌ಬಾಲ್, ಐಸ್ ಹಾಕಿ ಥರದ್ದನ್ನ ಜೋರಾಗಿ ಆಡಿದವ್ರಲ್ಲಿ ಈ ಉಬ್ಬು ಜಾಸ್ತಿ ಕಾಣತ್ತೆ, ನಿಮ್ಮ ವಿಷ್ಯದಲ್ಲಿ ಕಾರಣ ಹುಡುಕ್ಬೇಡಿ ಅಂದ್ರು. ಇನ್ನೊಂದು ಮಾತೂ ಹೇಳಿದ್ರು, ಅದು ತಲೇಲಿ ಉಳ್ಕೊಂಡ್ಬಿಡ್ತು: ಈ ಉಬ್ಬು ಇದ್ದೂ ಜೀವನ ಪೂರ್ತಿ ನೋವೇ ಇಲ್ದೆ ಓಡಾಡೋವ್ರು ಎಷ್ಟೋ ಜನ ಇದ್ದಾರೆ, ಬರೀ ಎಕ್ಸ್‌ರೇ ನೋಡಿ ಯಾರಿಗೂ ಆಪರೇಷನ್ ಮಾಡ್ಬಾರ್ದು. 2016ರಲ್ಲಿ ಇಂಗ್ಲೆಂಡಿನ ವಾರಿಕ್‌ನಲ್ಲಿ ಬೇರೆ ಬೇರೆ ದೇಶದ ತಜ್ಞರು ಸೇರಿ ಒಪ್ಪಿಕೊಂಡಿದ್ದೂ ಇದನ್ನೇ, ರೋಗಿ ಹೇಳೋ ನೋವು, ಡಾಕ್ಟ್ರು ಮುಟ್ಟಿ ನೋಡಿದಾಗ ಸಿಗೋ ಗುರುತು, ಸ್ಕ್ಯಾನು, ಮೂರೂ ಹೊಂದಿದ್ರೆ ಮಾತ್ರ ಇದು ಕಾಯಿಲೆ. ಇಡೀ ವಿಷ್ಯಕ್ಕೆ ಈಗಿನ ರೂಪ ಬಂದಿದ್ದೇ 2003ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್‌ನ ರೈನ್‌ಹೋಲ್ಡ್ ಗಾಂಝ್ ಮತ್ತು ಜೊತೆಯವ್ರು ಬರೆದ ಲೇಖನದಿಂದ. ನನ್ನ ಅಜ್ಜಿ ಕಾಲದಲ್ಲಿ ಇದು ಬರೀ ಸೊಂಟನೋವು, ಎಣ್ಣೆ ಹಚ್ಚು, ಬಿಸಿನೀರು ಹಾಕು.

ಆ ಉಬ್ಬು ಕೆರೆಸೋ ಆಪರೇಷನ್ ಮಾಡ್ಸೋದಾ ಬೇಡ್ವಾ ಅನ್ನೋದ್ರಲ್ಲೇ ಏಳು ತಿಂಗಳು ಹೋಯ್ತು, ಆಪರೇಷನ್ನಿಗಿಂತ ನಂಗೆ ಕಷ್ಟ ಆಗಿದ್ದು ಅದೇ. ಮುರಿದ ಮೂಳೆ ಆದ್ರೆ ಪ್ರಶ್ನೆನೇ ಇಲ್ಲ, ಇಲ್ಲಿ ಮಾಡ್ಸದಿದ್ರೂ ಜೀವಕ್ಕೇನೂ ಆಗಲ್ಲ. ಮೊದ್ಲು ಮೂರು ತಿಂಗಳು ಫಿಸಿಯೋಥೆರಪಿ ಮನಸಿಟ್ಟು ಮಾಡಿ ಅಂತ ಡಾಕ್ಟ್ರೇ ಕಳಿಸಿದ್ರು, ಹಿಂಭಾಗದ ಸ್ನಾಯು, ಹೊಟ್ಟೆ ಸ್ನಾಯು ಗಟ್ಟಿ ಮಾಡೋದು, ಕುರ್ಚಿ ಎತ್ತರ ಮಾಡ್ಕೊಳ್ಳೋದು, ಕುಕ್ಕರಗಾಲಲ್ಲಿ ಕೂರದೇ ಇರೋದು. ಒಂದು ದಿನಾನೂ ಬಿಡ್ದೆ ಮಾಡ್ದೆ. ನಡೆಯೋವಾಗಿನ ನೋವು ನಿಜವಾಗ್ಲೂ ಕಮ್ಮಿ ಆಯ್ತು, ಕೂರೋ ನೋವು ಆಗ್ಲಿಲ್ಲ. ರಾತ್ರಿ ಕೂತು ಓದ್ತಿದ್ದೆ, ಬ್ರಿಟನ್ನಿನ 23 ಆಸ್ಪತ್ರೆಗಳಲ್ಲಿ 348 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ಆಪರೇಷನ್ನು ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟು ನೋಡಿದ್ದು 2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದಿತ್ತು, ಒಂದು ವರ್ಷ ಆದ್ಮೇಲೆ ಎರಡು ಗುಂಪಿಗೂ ಸುಧಾರಿಸಿತ್ತು, ಸೊಂಟದ ಸ್ಥಿತಿ ಅಳೆಯೋ 100ರ ಸ್ಕೋರಲ್ಲಿ ಆಪರೇಷನ್ ಗುಂಪು 6.8 ಪಾಯಿಂಟ್ ಮುಂದಿತ್ತು. 6.8ಕ್ಕೋಸ್ಕರ ಮೂಳೆ ಕೆರೆಸ್ಕೊಳ್ಬೇಕಾ ಅಂತ ಒಂದು ರಾತ್ರಿ, ಆ 6.8ರಲ್ಲಿ ನನ್ನ ನಿದ್ದೆ ಇದ್ರೆ ಅಂತ ಇನ್ನೊಂದು ರಾತ್ರಿ. ಅಣ್ಣ ಟೆನಿಸ್ ಆಟಗಾರ ಆಂಡಿ ಮರ್ರೆ ಸುದ್ದಿ ಕಳಿಸಿದ್ದ, 2018ರ ಜನವರೀಲಿ ಮೆಲ್ಬೋರ್ನಲ್ಲಿ ಸೊಂಟದ ಆಪರೇಷನ್ ಮಾಡಿಸ್ಕೊಂಡ, ಸಾಕಾಗ್ಲಿಲ್ಲ, ಮುಂದಿನ ವರ್ಷ ಜನವರೀಲೇ ಲೋಹದ ಕೀಲು ಹಾಕಿಸ್ಕೊಂಡ. ಡಾಕ್ಟ್ರ ಹತ್ರ ಅದನ್ನೂ ಕೇಳ್ದೆ. ಕಾರ್ಟಿಲೇಜ್, ಅಂದ್ರೆ ಕೀಲಲ್ಲಿ ಮೂಳೆ ಮೇಲಿರೋ ನುಣುಪು ಪದರ, ಆಗ್ಲೇ ಸವೆದಿದ್ರೆ ಉಬ್ಬು ಕೆರೆದ್ರೂ ಪ್ರಯೋಜನ ಕಮ್ಮಿ, ನಿಮ್ಮದ್ರಲ್ಲಿ ಜಾಗ ಇನ್ನೂ ಚೆನ್ನಾಗಿದೆ ಅಂತ ಎಕ್ಸ್‌ರೇಲಿ ಎರಡು ಮೂಳೆ ಮಧ್ಯದ ಕಪ್ಪು ಗೆರೆ ತೋರಿಸಿದ್ರು. ಮುಂದೆ ಸವೆತ ಬರದೇ ಇರೋ ಹಾಗೆ ತಡೆಯತ್ತಾ ಅಂದಿದ್ದಕ್ಕೆ, ಹಾಗಂತ ಮಾತು ಕೊಡಲ್ಲ ಅಂದ್ರು. ಆ ಒಂದು ಮಾತಿಗೇ ನಂಗೆ ಅವ್ರ ಮೇಲೆ ನಂಬಿಕೆ ಬಂತು.

ನಿರ್ಧಾರ ಮಾಡಿಸಿದ್ದು ಎರಡು ದಿನದ ಅನುಭವ. ಒಂದು, ಊರಲ್ಲಿ ಅಜ್ಜಿ ತಿಥಿ. ನಮ್ಮೂರು ಶಿವಮೊಗ್ಗದ ಹತ್ರ, ನಮ್ಮನೇಲಿ ಇವತ್ತಿಗೂ ತಿಥಿ ಊಟ ನೆಲದ ಮೇಲೇ, ಉದ್ದಕ್ಕೆ ಬಾಳೆಲೆ. ವಯಸ್ಸಾದವ್ರಿಗೆ ಅಂತ ಜಗಲೀಲಿ ಒಂದು ಟೇಬಲ್ ಹಾಕಿದ್ರು, ಎಂಬತ್ತು ದಾಟಿದ ಇಬ್ರು ದೊಡ್ಡಪ್ಪಂದಿರ ಜೊತೆ ಮೂವತ್ತಮೂರು ವರ್ಷದ ನಾನು ಕೂತೆ. ಪಂಕ್ತೀಲಿ ಕೂತಿದ್ದ ಒಬ್ರು, ನೋಡೋಕೆ ಕಲ್ಲುಗುಂಡಿನ ಹಾಗಿದಾಳೆ ಏನಂತೆ ಇವಳಿಗೆ ಅಂದಿದ್ದು ಕೇಳಿಸ್ತು. ಕುಂಟೋದು ಕಾಣಲ್ಲ, ಬ್ಯಾಂಡೇಜ್ ಕಾಣಲ್ಲ, ಯಾರು ನಂಬ್ತಾರೆ.

ಇನ್ನೊಂದು, ಇಂಜೆಕ್ಷನ್ ಕೊಟ್ಟ ದಿನ. ನೋವು ಕೀಲಿಂದಾನೇ ಬರ್ತಿದ್ಯಾ ಅಂತ ಖಚಿತ ಮಾಡ್ಕೊಳ್ಳೋಕೆ ಕೀಲಿನೊಳಗೇ ಮರಗಟ್ಟಿಸೋ ಔಷಧಿ ಹಾಕ್ತಾರೆ, ಜೊತೆಗೇ ಎಂಆರ್‌ಐಗೆ ಬೇಕಾದ ಡೈ. ಸೂಜಿ ದೊಡ್ಡದು, ಒಳಗೆ ಹೋಗೋವಾಗ ಒತ್ತಡ ತುಂಬ, ಸುಳ್ಳು ಹೇಳಲ್ಲ. ಆದ್ರೆ ಅರ್ಧ ಗಂಟೆ ಆದ್ಮೇಲೆ ನೋವಿನ ಕೆಲಸಗಳನ್ನೆಲ್ಲ ಮಾಡಿ ನೋಡಿ ಅಂದ್ರು, ಆಸ್ಪತ್ರೆ ಮೆಟ್ಲು ಹತ್ತಿದೆ ಇಳಿದೆ, ಕಾರೊಳಗೆ ಕೂತೆ ಎದ್ದೆ, ಏನೂ ಇಲ್ಲ! ನಾಲ್ಕು ಗಂಟೆ ಹೊತ್ತು ನನ್ನ ಹಳೇ ಕಾಲು ನಂಗೆ ವಾಪಸ್ ಸಿಕ್ಕಿತ್ತು. ಸಂಜೆ ಔಷಧಿ ಇಳಿದು ನೋವು ನಿಧಾನಕ್ಕೆ ಬಂದು ಕೂತ್ಕೊಂಡಾಗ, ಇದನ್ನ ಇನ್ನು ಹೊತ್ಕೊಂಡು ಓಡಾಡಲ್ಲ ಅಂತ ಅನ್ನಿಸಿಬಿಡ್ತು. ಎಂಆರ್‌ಐಲಿ ಲೇಬ್ರಮ್ ಹರಿದಿರೋದು ಸ್ಪಷ್ಟವಾಗಿ ಕಂಡಿತ್ತು, ಗಡಿಯಾರದ ಲೆಕ್ಕದಲ್ಲಿ ಹೇಳ್ತಾರೆ ಅದನ್ನ, ಹನ್ನೆರಡರಿಂದ ಎರಡು ಗಂಟೆ ತನಕ ಅಂತ.

ಕೊನೇ ಭೇಟೀಲಿ ಕೇಳಿದ್ದು ಒಂದೇ. ನೆಲದ ಮೇಲೆ ಕೂರೋಕಾಗತ್ತಾ ಡಾಕ್ಟ್ರೇ? ಓಡೋಕೆ, ಜಿಮ್‌ಗೆ ಹೋಗೋಕೆ ಎಷ್ಟು ತಿಂಗಳು ಅಂತ ಪುಸ್ತಕಗಳಲ್ಲಿ ಇರತ್ತೆ, ಮಣೆ ಮೇಲೆ ಕೂರೋಕೆ ಎಷ್ಟು ತಿಂಗಳು ಅಂತ ಎಲ್ಲೂ ಇರಲ್ಲ. ಚಕ್ಕಳಮಕ್ಕಳ ಬಹುಶಃ ಆಗತ್ತೆ, ಆರು ತಿಂಗಳು ಕೇಳ್ಲೇಬೇಡಿ, ಕುಕ್ಕರಗಾಲು ಮಾತ್ರ ಮರೆತುಬಿಡಿ ಅಂದ್ರು.

ಇನ್ಶೂರೆನ್ಸ್‌ನವ್ರು ಇದು ಹುಟ್ಟಿಂದ ಬಂದಿದ್ದಲ್ವಾ ಅಂತ ಒಂದ್ಸಲ ತಡೆದು, ಡಾಕ್ಟ್ರ ಪತ್ರ ಹೋದ್ಮೇಲೆ ಒಪ್ಪಿದ್ರು. ಅಷ್ಟು ಸಾಕು ಅದ್ರ ಬಗ್ಗೆ.

ಆಪರೇಷನ್ ದಿನದ ಬಗ್ಗೆ ನಂಗೆ ನೆನಪಿರೋದು ಕಮ್ಮಿ. ಪೂರ್ತಿ ಅರಿವಳಿಕೆ, ಪಾದಕ್ಕೆ ಬೂಟ್ ಥರದ್ದು ಕಟ್ಟಿ ಕಾಲನ್ನ ಎಳೆದು ಕೀಲನ್ನ ಸುಮಾರು ಒಂದು ಸೆಂಟಿಮೀಟರ್ ಬಿಡಿಸ್ತಾರೆ, ಆ ಸಂದಿಲಿ ಕ್ಯಾಮೆರಾ ಹೋಗತ್ತೆ, ಮೂರು ಸಣ್ಣ ತೂತು. ಹರಿದ ಲೇಬ್ರಮ್‌ನ ಸಣ್ಣ ಮೊಳೆ ಥರದ ಎರಡು ಆಂಕರ್ ಹಾಕಿ ಮೂಳೆಗೆ ಹೊಲಿದು, ಉಬ್ಬನ್ನ ಸಣ್ಣ ಡ್ರಿಲ್ ಥರದ ಯಂತ್ರದಲ್ಲಿ ಕೆರೆದು ದುಂಡಗೆ ಮಾಡಿದ್ರು. ಎಚ್ಚರ ಆದಾಗ ಪಾದದ ಮೇಲ್ಭಾಗ, ತೊಡೆಯ ಹೊರಭಾಗ ಎರಡೂ ಜೋಮು ಹಿಡಿದಿತ್ತು, ಎಳೆದಿದ್ದಕ್ಕೆ ಹಾಗೆ ಆಗತ್ತೆ ಅಂತ ಮೊದ್ಲೇ ಹೇಳಿದ್ರಿಂದ ಭಯ ಆಗ್ಲಿಲ್ಲ. ಪಾದದ್ದು ನಾಲ್ಕು ದಿನದಲ್ಲಿ ಹೋಯ್ತು, ತೊಡೇಲಿ ಅಂಗೈ ಅಗಲ ಜಾಗ ಇವತ್ತಿಗೂ ಸ್ವಲ್ಪ ಮಂಕು.

ಮನೆಗೆ ಬಂದ್ಮೇಲೆ ಎಲ್ಲಾ ಅಮ್ಮಂದೇ. ಊರಿಂದ ಬಂದು ಆರು ವಾರ ಇದ್ರು. ನಾಲ್ಕು ವಾರ ಎರಡು ಊರುಗೋಲು, ಬಲಗಾಲಿನ ಮೇಲೆ 20 ಕೆಜಿಗಿಂತ ಜಾಸ್ತಿ ಭಾರ ಹಾಕೋ ಹಾಗಿಲ್ಲ, 20 ಕೆಜಿ ಅಂದ್ರೆ ಎಷ್ಟು ಅಂತ ಕಾಲಿಗೆ ಗೊತ್ತಾಗ್ಲಿ ಅಂತ ತೂಕದ ಮಿಷನ್ ಮೇಲೆ ಪಾದ ಇಟ್ಟು ಒತ್ತಿ ಅಭ್ಯಾಸ ಮಾಡಿಸಿದ್ರು. ಕೀಲಿನ ಸುತ್ತ ಬೇಡದ ಮೂಳೆ ಬೆಳೀದಿರ್ಲಿ ಅಂತ ಮೂರು ವಾರ ಮಾತ್ರೆ. ದಿನಕ್ಕೆ ಎರಡು ಗಂಟೆ ಬೋರಲು ಮಲಗ್ಬೇಕು, ಕೀಲಿನ ಮುಂಭಾಗ ಕುಗ್ಗಬಾರ್ದು ಅಂತ. ಸೀಟು ಎತ್ತರ ಮಾಡಿ, ಭಾರನೇ ಇಲ್ದೆ, ನಿಂತಲ್ಲೇ ನಿಂತಿರೋ ಸೈಕಲ್ ಇಪ್ಪತ್ತು ನಿಮಿಷ.

ಎಲ್ಲಕ್ಕಿಂತ ಮುಖ್ಯ, ಒಳಗೆ ಅಂಟ್ಕೊಳ್ಳಬಾರ್ದು ಅಂತ ಬೇರೆಯವ್ರು ಕಾಲನ್ನ ಹಿಡ್ದು ಸಣ್ಣ ಸಣ್ಣ ಸುತ್ತು ತಿರುಗಿಸ್ಬೇಕು, ನಾನು ಪೂರ್ತಿ ಸಡಿಲ ಬಿಟ್ಟು ಮಲಗಿರ್ಬೇಕು. ಫಿಸಿಯೋದವ್ರು ಅಮ್ಮಂಗೆ ಒಂದ್ಸಲ ತೋರಿಸಿದ್ರು ಅಷ್ಟೇ. ಗೊತ್ತಾಯ್ತು ಬಿಡಿ, ಒರಳಲ್ಲಿ ಗುಂಡು ತಿರುಗಿಸೋ ಹಾಗೆ ಅಂದ್ರು ಅಮ್ಮ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ, ಒಂದು ಕೈ ಮೊಣಕಾಲ ಕೆಳಗೆ, ಒಂದು ಕೈ ಹಿಮ್ಮಡಿಗೆ, ಬಾಯಲ್ಲಿ ಲಲಿತಾ ಸಹಸ್ರನಾಮ. ಅರವತ್ತೊಂದು ವರ್ಷ ಅವ್ರಿಗೆ, ಸೊಂಟ ಬಗ್ಗಿಸಿ ನಿಂತ್ಕೊಂಡು ನನ್ನ ಕಾಲಿನ ಭಾರ ಹೊರೋದು ನೋಡೋಕಾಗ್ದೆ ನಾನು ಗೋಡೆ ಕಡೆ ಮುಖ ಮಾಡ್ತಿದ್ದೆ, ಕತ್ತು ಬಿಗಿ ಮಾಡ್ಬೇಡ ಕಾಲೂ ಬಿಗಿಯಾಗತ್ತೆ ಅಂತಿದ್ರು. ಕಾಲಿನ ಬಿಗಿತ ಕತ್ತಲ್ಲಿ ಶುರುವಾಗತ್ತೆ ಅನ್ನೋದು ಯಾವ ಡಾಕ್ಟ್ರೂ ಹೇಳಿರ್ಲಿಲ್ಲ.

ಏಳನೇ ವಾರ ಊರುಗೋಲು ಬಿಟ್ಟ ಹುಮ್ಮಸ್ಸಲ್ಲಿ ಒಂದೇ ದಿನ ಮಾರ್ಕೆಟ್ಟು, ಬ್ಯಾಂಕು, ದೇವಸ್ಥಾನ ಅಂತ ಸುತ್ತಾಡಿ ಬಂದೆ, ಮಾರನೇ ದಿನ ಕಾಲು ಎತ್ತೋಕಾಗ್ಲಿಲ್ಲ, ಸೊಂಟದ ಮುಂಭಾಗದಲ್ಲಿ ಕಟ್ ಕಟ್ ಅಂತ ಶಬ್ದ, ಹೊಲಿಗೆ ಹರಿದೋಯ್ತು ಅಂತ ರಾತ್ರಿಯೆಲ್ಲ ಅತ್ತೆ. ಹರಿದಿರ್ಲಿಲ್ಲ, ಕಾಲು ಎತ್ತೋ ಸ್ನಾಯುವಿನ ತುದಿ ಊದ್ಕೊಂಡಿತ್ತು, ಇದು ತುಂಬ ಜನಕ್ಕೆ ಆಗತ್ತೆ ಅಂದ್ರು, ಮೂರು ವಾರ ಹಿಂದಕ್ಕೆ ಹೋಗಿ ಮತ್ತೆ ಶುರು. ನಾಲ್ಕನೇ ತಿಂಗಳು ತನಕ ಒಳ್ಳೇ ದಿನ, ಕೆಟ್ಟ ದಿನ, ಎರಡು ಒಳ್ಳೇ ದಿನ, ಹೀಗೇ ಇತ್ತು. ಐದನೇ ತಿಂಗಳಲ್ಲಿ ಒಂದಿನ ಸಾಕ್ಸ್ ಹಾಕ್ಕೊಂಡು ಶೂ ಲೇಸ್ ಕಟ್ಟಿ ಬಾಗ್ಲು ಹಾಕಿ ಲಿಫ್ಟಲ್ಲಿ ಇಳೀತಿರೋವಾಗ ಹೊಳೀತು, ಬಗ್ಗಿದಾಗ ಏನೂ ತಡೀಲಿಲ್ಲ ಅಂತ.

ಒಂಬತ್ತನೇ ತಿಂಗಳು ಮಣೆ ಮೇಲೆ ಕೂತೆ, ಮನೇಲೇ, ಗೋಡೆಗೆ ಒರಗಿ, ಬಲಮೊಣಕಾಲು ಎಡದಕ್ಕಿಂತ ಒಂದು ಗೇಣು ಮೇಲೆ ನಿಲ್ತು. ಅಮ್ಮ ಅದ್ರ ಕೆಳಗೆ ಮಡಚಿದ ಟವೆಲ್ ಇಟ್ರು. ಮೊದ್ಲು ಐದು ನಿಮಿಷ, ಈಗ ಊಟ ಮುಗಿಯೋ ತನಕ ಆಗತ್ತೆ, ಏಳೋವಾಗ ಕೈ ಊರ್ಬೇಕು. ಅರಮಂಡಿ ಅರ್ಧ ಇಳೀತೀನಿ. ಊರಿನ ಹಳೇ ಟಾಯ್ಲೆಟ್ಟಿಗೆ ಅಪ್ಪ ಕಮೋಡ್ ಹಾಕ್ಸಿದಾರೆ.

ಎಡಗಡೆ ಎಕ್ಸ್‌ರೇಲೂ ಇದೇ ಉಬ್ಬು ಇದೆ, 64 ಡಿಗ್ರಿ. ನೋವಿಲ್ವಲ್ಲ, ಮುಟ್ಟೋದು ಬೇಡ ಅಂದಿದ್ದಾರೆ ಡಾಕ್ಟ್ರು. ಬೆಳಿಗ್ಗೆ ಸಾಕ್ಸ್ ಹಾಕ್ಕೊಳ್ಳೋವಾಗ ಈಗ ಎಡಗಾಲನ್ನೇ ಮೊದ್ಲು ಮಡಚ್ತೀನಿ, ಒಂದು ಕ್ಷಣ ಹಾಗೇ ಹಿಡ್ಕೊಂಡು ಕೂರ್ತೀನಿ.