ಇದನ್ನೂ ಬರ್ಕೊಳ್ತೀರಾ ಸರ್?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಇದನ್ನೂ ಬರ್ಕೊಳ್ತೀರಾ ಸರ್?"

ನಾನು ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪೊಂದನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ. ಕ್ಲಸ್ಟರಿನ ಶಾಲೆಗಳಲ್ಲಿ ಪಾಠಕ್ಕೆ ತಂತ್ರಜ್ಞಾನ ಎಷ್ಟರ ಮಟ್ಟಿಗೆ ಬಳಕೆಯಾಗುತ್ತಿದೆ ಅಂತ ನೋಡಿ ಫಾರ್ಮ್ ತುಂಬಬೇಕಿತ್ತು. ಕಂಪ್ಯೂಟರ್ ಎಷ್ಟು? ಸ್ಮಾರ್ಟ್ ಟಿವಿ ಇದೆಯಾ? ಇಂಟರ್‌ನೆಟ್ ಇದೆಯಾ? ಹೌದು ಅಥವಾ ಇಲ್ಲ. ಒಂದೊಂದು ಶಾಲೆಗೆ ಅರ್ಧ ಗಂಟೆ ಸಾಕು ಅಂತ ಲೆಕ್ಕ ಹಾಕಿಕೊಂಡೇ ಬೈಕ್ ಹತ್ತಿದ್ದೆ.

ಮೂರನೇ ಶಾಲೆಯ ಎಚ್‌ಎಂ ಒಳ್ಳೆಯ ಮನುಷ್ಯ. ದಾಖಲೆ ಅಂದರೆ ಬಲು ಶಿಸ್ತು, ಸ್ವಲ್ಪ ಜಾಸ್ತೀನೇ ಶಿಸ್ತು. ದಾನಿಗಳು ಕೊಟ್ಟ 43 ಇಂಚಿನ ಟಿವಿಯನ್ನು ತಮ್ಮ ಕೊಠಡಿಯಲ್ಲೇ ಇಟ್ಟು ಮೇಲೆ ಬೆಡ್‌ಶೀಟ್ ಹೊದಿಸಿದ್ದಾರೆ. "ಧೂಳು ನೋಡಿ ಸರ್. ಹುಡುಗರ ಕೈಗೆ ಸಿಕ್ಕರೆ ಉಳಿಯುತ್ತಾ?" ಯುಪಿಎಸ್ ಬ್ಯಾಟರಿ ಹೋಗಿ ಎರಡು ವರ್ಷ ಆಯ್ತಂತೆ. ಐದು ಕಂಪ್ಯೂಟರಲ್ಲಿ ಎರಡು ಆನ್ ಆಗುತ್ತವೆ. ಸ್ಟಾಕ್ ರಿಜಿಸ್ಟರಲ್ಲಿ ಮಾತ್ರ ಐದೂ ಕೆಂಪು ಗೆರೆಗಳ ಮಧ್ಯೆ ನೀಟಾಗಿ ಕೂತಿವೆ. ಅವರನ್ನು ಬೈಯೋಕೂ ಮನಸ್ಸು ಬರಲಿಲ್ಲ. ಸಾಮಾನು ಕಳೆದರೆ ಅವರ ಪೆನ್ಷನ್‌ವರೆಗೂ ಕೇಳುತ್ತಾರೆ. ಮುಟ್ಟದೇ ಇಟ್ಟರೆ ಯಾರೂ ಕೇಳೋದಿಲ್ಲ.

ಟಿವಿ, ಹೌದು. ಟಿಕ್ ಹಾಕಿ ಎದ್ದೆ.

ವರಾಂಡದಲ್ಲಿ ಬರುವಾಗ ನಾಲ್ಕನೇ ಕ್ಲಾಸಿನಿಂದ ವಿಚಿತ್ರವಾದ ದನಿ ಕೇಳಿಸಿತು, ಬಾವಿಯೊಳಗಿಂದ ಬಂದ ಹಾಗೆ. ಇಣುಕಿದೆ. ಮೇಡಂ ತಮ್ಮ ಮೊಬೈಲನ್ನು ಒಂದು ದೊಡ್ಡ ಸ್ಟೀಲ್ ಲೋಟದೊಳಗೆ ನಿಲ್ಲಿಸಿದ್ದರು. ಸ್ಪೀಕರ್ ಇಲ್ಲ, ಲೋಟದಲ್ಲಿಟ್ಟರೆ ಹಿಂದಿನ ಬೆಂಚಿಗೂ ಕೇಳುತ್ತೆ. ಒಬ್ಬ ಹುಡುಗ ಓದಿದ್ದನ್ನು ರೆಕಾರ್ಡ್ ಮಾಡಿ ಅವನಿಗೇ ಕೇಳಿಸುತ್ತಿದ್ದರು.

"ಬೆಟದ... ಮೇಲೆ... ಹತು..."

ಹುಡುಗ ಹಣೆ ಚಚ್ಚಿಕೊಂಡ. "ಅಯ್ಯೋ ಮಿಸ್, ಬೆಟದ ಅಂದಿದೀನಿ! ಬೆಟ್ಟದ!" ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ಒತ್ತಕ್ಷರ ನುಂಗುವ ಮಕ್ಕಳನ್ನು ವರ್ಷಗಟ್ಟಲೆ ತಿದ್ದಿ ಸೋತವನು ನಾನು. ನಾನು ತಪ್ಪು ಹೇಳೋದು, ಅವರು ತಲೆ ತಗ್ಗಿಸೋದು, ಇಷ್ಟೇ ಆಗುತ್ತಿತ್ತು. ಈ ಹುಡುಗನ ತಪ್ಪನ್ನು ಯಾರೂ ಹೇಳಲೇ ಇಲ್ಲ. ಅವನ ಕಿವಿಗೇ ಬಿತ್ತು.

ಅಷ್ಟರಲ್ಲಿ ಮೇಡಂ ನನ್ನನ್ನು ನೋಡಿದರು. ಕೈ ತಾನಾಗೇ ಲೋಟದ ಮೇಲೆ ಹೋಯಿತು. ನನ್ನ ಕೈಯಲ್ಲಿದ್ದ ಫಾರ್ಮ್ ನೋಡಿ ಕೇಳಿದರು: "ಇದನ್ನೂ ಬರ್ಕೊಳ್ತೀರಾ ಸರ್?"

ನಾನು ಸುಮ್ನೆ ನಕ್ಕು, "ಮುಂದುವರಿಸಿ ಮೇಡಂ" ಅಂದು ಬಂದುಬಿಟ್ಟೆ.

ಗೇಟ್ ದಾಟೋವರೆಗೂ ಅದನ್ನು ಹೆಮ್ಮೆಯ ಮಾತು ಅಂದುಕೊಂಡಿದ್ದೆ. ನಾನು ಮಾಡಿರೋದನ್ನೂ ಲೆಕ್ಕಕ್ಕೆ ಹಿಡೀರಿ ಅನ್ನೋ ಹಾಗೆ. ಬೈಕ್ ಸ್ಟಾರ್ಟ್ ಮಾಡುವಾಗ ನೆನಪಾಯಿತು. ಕ್ಲಾಸಲ್ಲಿ ಮೊಬೈಲ್ ಮುಟ್ಟಬೇಡಿ ಅಂತ ಕ್ಲಸ್ಟರ್ ಮೀಟಿಂಗಲ್ಲಿ ಗದರಿದವನು ನಾನೇ. ಮೇಡಂ ಎದುರಿನ ಸಾಲಲ್ಲೇ ಕೂತಿದ್ದರು. ಹಾಗಾದರೆ ಅದು ಭಯ ಅಲ್ವಾ? ರಾತ್ರಿ ಹೆಂಡತಿಗೆ ಹೇಳಿದೆ. "ನಿಮ್ಮನ್ನ ಆಡಿಕೊಂಡಿದ್ದಾರೆ ಅಷ್ಟೇ" ಅಂದಳು. 'ಇದನ್ನೂ' ಅನ್ನೋದರ ಆ 'ಊ' ಒಂದರಲ್ಲೇ ಮೂರು ಅರ್ಥ.

ತಂತ್ರಜ್ಞಾನ ನಮಗೇನು ಹೊಸದಲ್ಲ. ಆಕಾಶವಾಣಿಯಲ್ಲಿ ಕೇಳಿ-ಕಲಿ ಅನ್ನೋ ಪಾಠದ ಕಾರ್ಯಕ್ರಮ ಬರೋದು, ರೇಡಿಯೊ ಸುತ್ತ ಮಕ್ಕಳನ್ನು ಕೂರಿಸುತ್ತಿದ್ದೆವು. 2004ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು, ಚಾಮರಾಜನಗರದ ಕಡೆ ಶಾಲೆಗಳಿಗೆ ಡಿಶ್ ಬಂತು. 2017ರಲ್ಲಿ ದೀಕ್ಷಾ ಅನ್ನೋ ಆನ್‌ಲೈನ್ ಕಲಿಕಾ ವೇದಿಕೆ ಬಂತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಕಾಣಿಸಿಕೊಂಡಿತು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ಟಿವಿಯಲ್ಲಿ ಸಂವೇದ ಪಾಠಗಳು. ಎಲ್ಲವೂ ಅದರದರ ಕಾಲಕ್ಕೆ ಉಪಯೋಗಕ್ಕೆ ಬಂದವು, ಇಲ್ಲ ಅನ್ನಲಾರೆ. ಆದರೆ ಅಲ್ಲೆಲ್ಲ ಮಾತಾಡುತ್ತಿದ್ದವರು ಎಲ್ಲೋ ದೂರದವರು, ಮಕ್ಕಳ ಕೆಲಸ ಕೇಳೋದು. ನಮ್ಮ ಹಳ್ಳಿಯ ಹುಡುಗನ ದನಿ ಅವನಿಗೇ ತಿರುಗಿ ಬಂದಿದ್ದನ್ನು ನಾನು ನೋಡಿದ್ದು ಈ ಲೋಟದಲ್ಲೇ ಮೊದಲು. ಡೇಟಾ ಕೂಡ ಖರ್ಚಾಗಲ್ಲ. ಫೋನ್ ಮಾತ್ರ ಮೇಡಂದು, ಬಿದ್ದು ಒಡೆದರೆ ಸ್ಟಾಕ್ ರಿಜಿಸ್ಟರಿಗೂ ಬರೋದಿಲ್ಲ.

ಶುಕ್ರವಾರ ಫಾರ್ಮ್ ಅಪ್‌ಲೋಡ್ ಮಾಡಲು ಕೂತೆ. ಟಿವಿ 1. ಕಂಪ್ಯೂಟರ್ 5, ಸುಸ್ಥಿತಿಯಲ್ಲಿ 2. ಇಂಟರ್‌ನೆಟ್, ಇಲ್ಲ. ಕೊನೆಗೆ ಷರಾ ಅಂತ ಒಂದು ಚಿಕ್ಕ ಡಬ್ಬಿ. 'ನಾಲ್ಕನೇ ತರಗತಿ ಶಿಕ್ಷಕಿ ತಮ್ಮ ಮೊಬೈಲ್ ಬಳಸಿ' ಅಂತ ಟೈಪ್ ಮಾಡಿದೆ. ಓದಿಕೊಂಡರೆ ದೂರಿನ ಹಾಗೇ ಇತ್ತು. ಮೇಲೆ ಓದುವವರು ಮೊಬೈಲ್ ಅನ್ನೋ ಪದಕ್ಕೇ ನಿಂತುಬಿಟ್ಟರೆ? ಅಳಿಸಿದೆ. ಮತ್ತೆ ಟೈಪ್ ಮಾಡಿದೆ. ಮತ್ತೆ ಅಳಿಸಿದೆ.

ಷರಾ: ಇಲ್ಲ. ಸಬ್‌ಮಿಟ್ ಒತ್ತಿದೆ.

ಮುಂದಿನ ವಾರ ಕ್ಲಸ್ಟರ್ ಮೀಟಿಂಗ್ ಇದೆ. ಮೇಡಂ ಅದೇ ಎದುರಿನ ಸಾಲಲ್ಲಿ ಕೂತಿರುತ್ತಾರೆ.